ಮಿಡತೆ ತಿಂದ ವರ್ಷಗಳು ವಾಪಸ್ ಬರುತ್ತವಾ?

ಪ್ರಶ್ನೆ: ನನಗೆ 44 ವರ್ಷ. ಯಜಮಾನರು ತೀರಿಕೊಂಡು ಎರಡು ವರ್ಷ ಎರಡು ತಿಂಗಳಾಯಿತು. ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಅವರು ನಡೆಸುತ್ತಿದ್ದ ಸಣ್ಣ ಪ್ರಿಂಟಿಂಗ್ ಪ್ರೆಸ್ಸನ್ನು ಸಾಲ ತೀರಿಸಲು ಮಾರಿದೆವು. ಆಮೇಲೆ ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕರೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು ಬೈಬಲ್ಲಿನ ಪ್ರವಾದಿ ಯೋವೇಲನ ವಾಗ್ದಾನ ಕೊಟ್ಟರು. ಮಿಡತೆ ತಿಂದ ವರ್ಷಗಳನ್ನು ದೇವರು ತಿರುಗಿ ಕೊಡುತ್ತಾನೆ, ಯೋಬನಿಗೆ ಕೊಟ್ಟ ಹಾಗೆ ಎರಡರಷ್ಟು ಕೊಡುತ್ತಾನೆ ಎಂದರು. ಅದನ್ನು ಬರೆದು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡೆ. ದಿನಾ ಬೆಳಿಗ್ಗೆ ಓದುತ್ತೇನೆ. ಏನೂ ಬದಲಾಗಿಲ್ಲ. ನನ್ನ ನಂಬಿಕೆ ಸಾಲದು, ಇನ್ನೂ ಅಳುತ್ತಿರುವುದೇ ಅಡ್ಡಿ ಎನ್ನುತ್ತಾರೆ. ಇನ್ಶೂರೆನ್ಸ್ ಹಣದಲ್ಲಿ ಒಂದು ಭಾಗವನ್ನು ‘ಬೀಜದ ಕಾಣಿಕೆ’ಯಾಗಿ ಕೊಟ್ಟರೆ ಬಾಗಿಲು ತೆರೆಯುತ್ತದಂತೆ. ಅಕ್ಕ ಒಂದು ಸಂಬಂಧ ತಂದಿದ್ದಾಳೆ, ದೇವರು ತಿರುಗಿ ಕೊಡುತ್ತಿರುವುದು ಇದೇ ಎನ್ನುತ್ತಾಳೆ. 16 ವರ್ಷದ ಮಗ ಸಭೆಗೆ ಬರುವುದನ್ನೇ ಬಿಟ್ಟಿದ್ದಾನೆ. ಇನ್ನೊಂದು ವಿಷಯ, ಹೇಳಲು ನಾಚಿಕೆ. ಯಜಮಾನರ ಫೋನನ್ನು ಈಗಲೂ ಪ್ರತಿ ರಾತ್ರಿ ಚಾರ್ಜಿಗೆ ಹಾಕುತ್ತೇನೆ. ದೇವರ ಮಾತು ಸುಳ್ಳಾ, ಇಲ್ಲ ನನ್ನ ನಂಬಿಕೆ ಸುಳ್ಳಾ?

ಉತ್ತರ:

ಸಹೋದರಿ, ನಾಚಿಕೆ ಪಡಬೇಡಿ. ಫೋನಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ನೋವು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು, ನೀವು ಕಳೆದುಕೊಂಡದ್ದು. ಇನ್ನೊಂದು, ಅದು ಇನ್ನೂ ವಾಪಸ್ ಬಂದಿಲ್ಲವಲ್ಲ, ತಪ್ಪು ನನ್ನದೇ ಇರಬೇಕು ಎನ್ನುವ ಅಪರಾಧಿ ಭಾವ. ಮೊದಲನೆಯದನ್ನು ತೆಗೆದುಹಾಕಲು ನನ್ನಿಂದ ಆಗುವುದಿಲ್ಲ. ಎರಡನೆಯದು ನಿಮ್ಮದೇ ಅಲ್ಲ, ಯಾರೋ ತಂದು ನಿಮ್ಮ ಹೆಗಲಿಗೆ ಹಾಕಿದ್ದು. ಅದನ್ನು ಇಳಿಸಬಹುದು.

ಸಭಾಪಾಲಕನಾಗಿ, ಆಮೇಲೆ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕನಾಗಿ ಬಹಳ ವರ್ಷ ಸಾವಿನ ಮನೆಗಳಲ್ಲಿ ಕೂತಿದ್ದೇನೆ. ಶುರುವಿನಲ್ಲಿ ನಾನೂ ಇದೇ ತಪ್ಪು ಮಾಡಿದೆ. ಮಗು ತೀರಿಕೊಂಡ ಮನೆಯೊಂದರಲ್ಲಿ, ಇನ್ನೂ ಚಪ್ಪಲಿ ಬಿಡುವ ಮೊದಲೇ ಎಂಬಂತೆ, ರೋಮಾಪುರದವರಿಗೆ 8:28 ಹೇಳಿಬಿಟ್ಟೆ. ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ವಚನ. ಆ ತಾಯಿ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು, ಚಿಲಕ ಹಾಕಿದ ಸದ್ದು ಕೇಳಿಸಿತು. ಅದೇ ಅಧ್ಯಾಯದಲ್ಲಿ, ಆರು ವಚನ ಮೇಲೆ, ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಿದೆ ಎಂದಿದೆ. ನಾವೂ ಒಳಗೊಳಗೆ ನರಳುತ್ತೇವೆ ಎಂದಿದೆ. ಅಷ್ಟನ್ನು ಹಾರಿಸಿ ನಾನು ನೇರ 28ಕ್ಕೆ ಜಿಗಿದಿದ್ದೆ.

ನಿಮಗೆ ಕೊಟ್ಟ ವಾಗ್ದಾನವನ್ನೂ ಹೀಗೇ ಹಾರಿಸಿ ಓದಿದ್ದಾರೆ ಅನಿಸುತ್ತದೆ. ಹಾಗಾಗಿ ಒಮ್ಮೆ ನಿಧಾನವಾಗಿ ಓದೋಣ.

ಯೋವೇಲನ ಪುಸ್ತಕ ಚಿಕ್ಕದು. ಮಿಡತೆ ದಂಡು ಬಂದು ಇಡೀ ನಾಡಿನ ಬೆಳೆ ತಿಂದು ಹಾಕಿದೆ. ಒಂದು ಬಿಟ್ಟದ್ದನ್ನು ಇನ್ನೊಂದು ತಿಂದಿತು ಎನ್ನುತ್ತಾನೆ, ಮಿಡತೆಗೇ ನಾಲ್ಕು ಹೆಸರು ಹೇಳುತ್ತಾನೆ. 2:25ರ ಮಾತು, ಅಂದರೆ ನಿಮಗೆ ಕೊಟ್ಟ ವಾಗ್ದಾನ, ಆ ನಾಡಿನ ಜನರೆಲ್ಲರಿಗೂ ಸೇರಿ ಹೇಳಿದ್ದು. ಅದರ ಹಿಂದಿನ ವಚನದಲ್ಲಿ ಏನಿದೆ ನೋಡಿ: ಕಣಗಳು ಧಾನ್ಯದಿಂದ ತುಂಬುತ್ತವೆ, ತೊಟ್ಟಿಗಳು ದ್ರಾಕ್ಷಾರಸದಿಂದಲೂ ಎಣ್ಣೆಯಿಂದಲೂ ತುಂಬಿ ತುಳುಕುತ್ತವೆ. ಹೋದ ವರ್ಷದ ಪೈರು ಮಿಡತೆಯ ಹೊಟ್ಟೆಯಿಂದ ಹೊರಗೆ ಬರುತ್ತದೆ ಎಂದು ಯಾರೂ ಹೇಳಿಲ್ಲ. ಹೊಸ ಮಳೆ, ಹೊಸ ಬಿತ್ತನೆ, ಹೊಸ ಬೆಳೆ. ‘ತಿರುಗಿ ಕೊಡುವೆನು’ ಎನ್ನುವಲ್ಲಿ ಹೀಬ್ರೂ ಮೂಲದಲ್ಲಿರುವ ಕ್ರಿಯಾಪದ, ವಿಮೋಚನಕಾಂಡ 22ರಲ್ಲಿ ಕದ್ದ ಎತ್ತಿಗೆ ಕಳ್ಳ ಪರಿಹಾರ ಕಟ್ಟಿಕೊಡಬೇಕು ಎನ್ನುವಾಗ ಬರುವ ಅದೇ ಕ್ರಿಯಾಪದ. ಶಾಂತಿ ಎನ್ನುವ ಅರ್ಥದ ‘ಶಾಲೋಮ್’ ಶಬ್ದವೂ ಅದೇ ಬೇರಿನದು. ಆದ ನಷ್ಟವನ್ನು ನಷ್ಟ ಎಂದು ಒಪ್ಪಿಕೊಂಡು ತುಂಬಿಕೊಡುವ ಮಾತು ಅದು. ವರ್ಷಗಳನ್ನು ಹಿಂದಕ್ಕೆ ಓಡಿಸುವ ಮಾತಲ್ಲ. ಇನ್ನೂ ಒಂದು ವಿಷಯ. ಈ ವಾಗ್ದಾನಕ್ಕೆ ಮೊದಲು ಯಾಜಕರೇ ಗೋಣಿತಟ್ಟು ಉಟ್ಟು ಗೋಳಾಡಬೇಕು, ಜನರು ಅಳುತ್ತಾ ದೇವರ ಕಡೆ ತಿರುಗಬೇಕು ಎಂದು ಯೋವೇಲನೇ ಕರೆಯುತ್ತಾನೆ. ಅಳುವುದು ವಾಗ್ದಾನಕ್ಕೆ ಅಡ್ಡಿಯಾಗುವಂತಿದ್ದರೆ ಪ್ರವಾದಿ ಹಾಗೆ ಹೇಳುತ್ತಿದ್ದನಾ?

ಇನ್ನು ಯೋಬ, ಆಸ್ತಿ, ಮಕ್ಕಳು ಎಲ್ಲವನ್ನೂ ಕಳೆದುಕೊಂಡ ಭಕ್ತ. ಎರಡರಷ್ಟು ಎನ್ನುವ ಮಾತು ಹುಟ್ಟಿದ್ದೇ ಇಲ್ಲಿಂದ, ಆದ್ದರಿಂದ ಲೆಕ್ಕವನ್ನೇ ನೋಡೋಣ. ಮೊದಲ ಅಧ್ಯಾಯದಲ್ಲಿ ಅವನಿಗೆ 7000 ಕುರಿ, 3000 ಒಂಟೆ, 500 ಜೋಡಿ ಎತ್ತು, 500 ಹೆಣ್ಣು ಕತ್ತೆ. 42ನೇ ಅಧ್ಯಾಯದಲ್ಲಿ 14000 ಕುರಿ, 6000 ಒಂಟೆ, 1000 ಜೋಡಿ ಎತ್ತು, 1000 ಹೆಣ್ಣು ಕತ್ತೆ. ಸರಿಯಾಗಿ ಎರಡರಷ್ಟು. ಮಕ್ಕಳು? ಮೊದಲು 7 ಗಂಡು, 3 ಹೆಣ್ಣು. ಕೊನೆಯಲ್ಲೂ 7 ಗಂಡು, 3 ಹೆಣ್ಣು. ದುಪ್ಪಟ್ಟಾಗಲಿಲ್ಲ. ಕೆಲವು ಹಳೆಯ ವ್ಯಾಖ್ಯಾನಕಾರರು ಇದಕ್ಕೊಂದು ಕಾರಣ ಹೇಳುತ್ತಾರೆ: ಸತ್ತ ಮಕ್ಕಳು ಇಲ್ಲವಾಗಿಲ್ಲ, ದೇವರ ಬಳಿ ಇದ್ದಾರೆ, ಅವರನ್ನೂ ಸೇರಿಸಿದರೆ ಎರಡರಷ್ಟೇ. ಈ ಲೆಕ್ಕ ಪಠ್ಯದಲ್ಲಿಲ್ಲ, ಓದಿದವರು ಹಾಕಿಕೊಂಡದ್ದು. ನನಗೆ ಕಾಣುವುದು ಇನ್ನೂ ಸರಳ. ಕುರಿಗೆ ಬದಲಾಗಿ ಕುರಿ ಕೊಡಬಹುದು. ಮಗುವಿಗೆ ಬದಲಾಗಿ ಮಗು ಕೊಡಲು ಬರುವುದಿಲ್ಲ. ಆ ಹತ್ತು ಸಮಾಧಿಗಳು ಪುಸ್ತಕ ಮುಗಿದ ಮೇಲೂ ಅಲ್ಲೇ ಇವೆ.

ಬೋಧನೆಯಲ್ಲಿ ಬಹುಪಾಲು ಬಿಟ್ಟುಹೋಗುವ ಒಂದು ವಚನವಿದೆ, 42:11. ಯೋಬನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಹಳೆಯ ಪರಿಚಯದವರು ಎಲ್ಲರೂ ಅವನ ಮನೆಗೆ ಬಂದು ಜೊತೆಗೆ ಕೂತು ಊಟ ಮಾಡಿದರು, ಸಂತೈಸಿದರು. ಪ್ರತಿಯೊಬ್ಬರೂ ಒಂದೊಂದು ಬೆಳ್ಳಿ ನಾಣ್ಯ, ಒಂದೊಂದು ಚಿನ್ನದ ಉಂಗುರ ಕೊಟ್ಟರು. ಇದು ಬರುವುದು ದೇವರು ಅವನ ಸ್ಥಿತಿಯನ್ನು ತಿರುಗಿಸಿದನು ಎಂದು ಹೇಳಿದ ಮೇಲೆ. ಅಂದರೆ ಆಗಲೂ ಅವನಿಗೆ ಸಾಂತ್ವನ ಬೇಕಿತ್ತು. ಯಾರೂ ಅವನಿಗೆ ಸಾಕು ಅತ್ತಿದ್ದು ಎನ್ನಲಿಲ್ಲ. ಆ ಬೆಳ್ಳಿ, ಆ ಉಂಗುರ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎನ್ನುವುದನ್ನೂ ನೋಡಿಕೊಳ್ಳಿ. ಕಳೆದುಕೊಂಡವನ ಕೈಗೆ ಬಂತು, ಅವನ ಕೈಯಿಂದ ಹೋಗಲಿಲ್ಲ.

ನಿಮ್ಮ ನಂಬಿಕೆ ಸಾಲದು ಎಂದವರ ಮಾತಿಗೆ ಬರುತ್ತೇನೆ. ಯೋಬನ ಮೂವರು ಸ್ನೇಹಿತರು ಹೇಳಿದ್ದೂ ಹೆಚ್ಚು ಕಮ್ಮಿ ಇದನ್ನೇ. ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ನೆ ಕೂತಿದ್ದರು, ಅಲ್ಲಿಯವರೆಗೆ ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ನೀನು ಏನೋ ಮಾಡಿರಬೇಕು, ಸರಿಪಡಿಸಿಕೋ, ಎಲ್ಲ ವಾಪಸ್ ಬರುತ್ತದೆ. ಕೊನೆಗೆ ದೇವರು ಕೋಪಗೊಂಡದ್ದು ಇವರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ ಎಂದು ಹೇಳಿದನು. ಯೋಬನೋ, ಹುಟ್ಟಿದ ದಿನವನ್ನೇ ಶಪಿಸಿದ್ದ, ದೇವರನ್ನೇ ನ್ಯಾಯಕ್ಕೆ ಕರೆದಿದ್ದ. ಯೆರೂಸಲೇಮಿನಲ್ಲಿ ಸಿಲೋವದ ಬುರುಜು ಬಿದ್ದು 18 ಜನ ಸತ್ತಾಗಲೂ ಯೇಸು ಕೇಳಿದ್ದು ಇದೇ ಪ್ರಶ್ನೆ. ಅವರು ಉಳಿದವರೆಲ್ಲರಿಗಿಂತ ಜಾಸ್ತಿ ಪಾಪಿಗಳೆಂದುಕೊಂಡಿರಾ? ಇಲ್ಲ ಎಂದು ತಾನೇ ಉತ್ತರ ಕೊಟ್ಟನು.

ಅಳುವಿಗೂ ನಂಬಿಕೆಗೂ ಜಗಳವಿದೆ ಎನ್ನುವುದಕ್ಕೆ ಬೈಬಲ್ಲಿನಲ್ಲಿ ಆಧಾರವಿಲ್ಲ. ತೀರಿಕೊಂಡ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸು ಅತ್ತನು. ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಅಳುವಿನ ಕೀರ್ತನೆಗಳೇ. 88ನೇ ಕೀರ್ತನೆಯಂತೂ ಕತ್ತಲೆ ಎನ್ನುವ ಮಾತಿನಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸ್ತೋತ್ರವಿಲ್ಲ, ‘ಆದರೂ’ ಇಲ್ಲ. ಆದರೂ ಅದನ್ನು ಕಿತ್ತುಹಾಕದೆ ಪ್ರಾರ್ಥನೆಯ ಪುಸ್ತಕದಲ್ಲೇ ಉಳಿಸಿಕೊಂಡಿದ್ದಾರೆ. ಅಪೊಸ್ತಲ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ದುಃಖಿಸಲೇಬೇಡಿ ಎಂದು ಬರೆಯಲಿಲ್ಲ.

ಹಾಗಾದರೆ ದೇವರು ತಿರುಗಿ ಕೊಡುತ್ತಾನೆ ಎನ್ನುವುದು ಬರೀ ಬಾಯಿಮಾತಾ? ಅಲ್ಲ. ಆದರೆ ಅದಕ್ಕೆ ಎರಡು ಹಂತಗಳಿವೆ. ಅವೆರಡನ್ನು ಕಲಸಿದಾಗಲೇ ನಿಮ್ಮಂಥವರಿಗೆ ಪೆಟ್ಟು ಬೀಳುವುದು.

ಒಂದು, ಈ ಬದುಕಿನಲ್ಲಿ ಸಿಗುವುದು. ಇದು ಸಿಕ್ಕೇ ಸಿಗುತ್ತದೆ ಎಂದಾಗಲಿ, ಇಂಥ ರೂಪದಲ್ಲೇ ಸಿಗುತ್ತದೆ ಎಂದಾಗಲಿ ಯಾರೂ ನಿಮ್ಮ ತಲೆಯ ಮೇಲೆ ಕೈಯಿಟ್ಟು ಹೇಳಲು ಬರುವುದಿಲ್ಲ. ನನಗೆ ಇಲ್ಲಿ ಯೋಬನಿಗಿಂತ ನೊವೊಮಿ ಹತ್ತಿರ. ಗಂಡ ಎಲೀಮೆಲೆಕನನ್ನು, ಇಬ್ಬರು ಗಂಡು ಮಕ್ಕಳನ್ನು ಪರದೇಶದಲ್ಲಿ ಮಣ್ಣು ಮಾಡಿ ಬಂದವಳು. ಊರಿನ ಹೆಂಗಸರು ಹೆಸರು ಹಿಡಿದು ಕರೆದರೆ, ಹಾಗೆ ಕರೆಯಬೇಡಿ, ಮಾರಾ ಎನ್ನಿ, ಅಂದರೆ ಕಹಿ ಎನ್ನಿ, ತುಂಬಿದವಳಾಗಿ ಹೋದೆ, ಬರಿಗೈಲಿ ಬಂದೆ ಎನ್ನುತ್ತಾಳೆ. ಹೀಗೆ ಹೇಳುವಾಗ ಪಕ್ಕದಲ್ಲೇ ಸೊಸೆ ರೂತಳು ನಿಂತಿದ್ದಾಳೆ, ಪಾಪ! ಅತ್ತೆಗೆ ಅವಳು ಕಾಣಿಸುತ್ತಿಲ್ಲ. ದುಃಖ ಹಾಗೇ ಅಲ್ವಾ, ಪಕ್ಕದಲ್ಲಿರುವುದು ಕಾಣುವುದಿಲ್ಲ. ಪುಸ್ತಕದ ಕೊನೆಯಲ್ಲಿ ಓಬೇದ ಎನ್ನುವ ಮಗು ಅವಳ ಮಡಿಲಿಗೆ ಬರುತ್ತದೆ. ಅದೇ ಹೆಂಗಸರು ಇವನು ನಿನ್ನ ಪ್ರಾಣಕ್ಕೆ ಚೈತನ್ಯ ತರುವವನು ಎನ್ನುತ್ತಾರೆ. ಗಂಡ ಬರಲಿಲ್ಲ, ಮಕ್ಕಳು ಬರಲಿಲ್ಲ. ಆದರೂ ಆ ಮಡಿಲು ಖಾಲಿ ಉಳಿಯಲಿಲ್ಲ. ಇದೆಲ್ಲ ನಡೆದದ್ದು ಹೇಗೆ? ಸೊಸೆ ಹೊಲದಲ್ಲಿ ತೆನೆ ಆಯ್ದಳು. ಬೋವಜನು ಆರು ಅಳತೆ ಜವೆಗೋದಿ ಕೊಟ್ಟು ಬರಿಗೈಲಿ ಹೋಗಬೇಡ ಎಂದನು. ದೊಡ್ಡ ಅದ್ಭುತ ಒಂದೂ ಇಲ್ಲ.

ಎರಡನೆಯದು ಕೊನೆಯದು. ಕ್ರೈಸ್ತ ನಿರೀಕ್ಷೆಯ ಭಾರವೆಲ್ಲ ನಿಂತಿರುವುದು ಇದರ ಮೇಲೆ. ಲಾಜರನೂ ಎದ್ದ ಮೇಲೆ ಮತ್ತೊಂದು ದಿನ ಸತ್ತವನೇ. ಪ್ರಕಟನೆ 21ರಲ್ಲಿ ದೇವರು ಕಣ್ಣೀರನ್ನು ಒರೆಸುತ್ತಾನೆ, ಮರಣವೇ ಇರುವುದಿಲ್ಲ, ಎಲ್ಲವನ್ನೂ ಹೊಸದು ಮಾಡುತ್ತೇನೆ ಎನ್ನುತ್ತಾನೆ. ಒರೆಸಲು ಕಣ್ಣೀರು ಇರಬೇಕಲ್ಲ. ಅಲ್ಲಿಯವರೆಗೂ ಅದು ಇರುತ್ತದೆ ಎಂದು ಆ ಪುಸ್ತಕಕ್ಕೆ ಗೊತ್ತು. ಎದ್ದು ಬಂದ ಯೇಸುವಿನ ಕೈಯಲ್ಲೂ ಮೊಳೆಯ ಗುರುತು ಹಾಗೇ ಇತ್ತು, ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಇಬ್ರಿಯರಿಗೆ 11ನ್ನು ನಂಬಿಕೆಯ ಅಧ್ಯಾಯ ಎನ್ನುತ್ತಾರೆ. ಅಲ್ಲಿ ಕೆಲವು ಹೆಂಗಸರಿಗೆ ಸತ್ತವರು ಜೀವಂತವಾಗಿ ಸಿಕ್ಕರು. ಅದೇ ವಚನದಲ್ಲಿ ಇನ್ನು ಕೆಲವರು ಹಿಂಸೆಯಲ್ಲಿ ಸತ್ತರು. ಇಬ್ಬರ ನಂಬಿಕೆಗೂ ಒಂದೇ ಬೆಲೆ, ಮತ್ತು ಇಬ್ಬರೂ ವಾಗ್ದಾನದ ಫಲವನ್ನು ಇಲ್ಲೇ ಹೊಂದಲಿಲ್ಲ ಎಂದು ಅಧ್ಯಾಯದ ಕೊನೆಯಲ್ಲಿದೆ. ನಿಮ್ಮ ಯಜಮಾನರು ಆ ಎರಡನೇ ಹಂತಕ್ಕೆ ಸೇರಿದವರು. ಅವರನ್ನು ಮೊದಲನೇ ಹಂತದಲ್ಲಿ ಹುಡುಕುತ್ತಾ ದಿನಾ ಬೆಳಿಗ್ಗೆ ಬೀರುವಿನ ಮುಂದೆ ನಿಂತರೆ ಸಿಗುವುದು ನಿರಾಸೆ ಮಾತ್ರ.

ಈಗ ನಿಮ್ಮ ಮುಂದಿರುವ ತೀರ್ಮಾನಗಳು.

ಬೀಜದ ಕಾಣಿಕೆ. ಕೊಡಬೇಡಿ. ಈ ಒಂದರಲ್ಲಿ ನಾನು ಸುತ್ತುಬಳಸಿ ಮಾತಾಡುವುದಿಲ್ಲ. ಕಾಣಿಕೆ ಕೊಡುವುದು ಒಳ್ಳೆಯದೇ, ಕೃತಜ್ಞತೆಯಿಂದ, ಕೈಲಾದಷ್ಟು. ಇಷ್ಟು ಹಾಕಿದರೆ ಇಷ್ಟು ಬರುತ್ತದೆ ಎಂದರೆ ಅದು ವ್ಯಾಪಾರ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ ನಿಮಗೆ ಹೇಳಿರುತ್ತಾರೆ. ಮಾರ್ಕನ 12ನೇ ಅಧ್ಯಾಯ ತೆಗೆದು ಅದರ ಹಿಂದಿನ ವಚನ ಓದಿ. ವಿಧವೆಯರ ಮನೆಗಳನ್ನು ನುಂಗಿ, ತೋರಿಕೆಗೆ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆಯಿದೆ. ಆ ವಿಧವೆಯಿಂದ ಯೇಸು ಕೇಳಿ ಪಡೆಯಲೂ ಇಲ್ಲ. ಸಾರೆಪ್ತದ ವಿಧವೆ ತನಗಿದ್ದ ಕೊನೆಯ ಹಿಟ್ಟಿನಲ್ಲಿ ಪ್ರವಾದಿ ಎಲೀಯನಿಗೆ ಮೊದಲು ಮಾಡಿಕೊಟ್ಟಳಲ್ಲ ಎನ್ನುವವರೂ ಇದ್ದಾರೆ. ನಿಜ. ಆದರೆ ಎಲೀಯನು ಹಿಟ್ಟು ತೆಗೆದುಕೊಂಡು ಹೊರಟುಹೋಗಲಿಲ್ಲ, ಅದೇ ಬರಗಾಲದಲ್ಲಿ ಅದೇ ಮನೆಯಲ್ಲಿ ಉಳಿದನು. ಪ್ರವಾದಿ ಎಲೀಷನ ಹತ್ತಿರ ಸಾಲದ ಕಷ್ಟ ಹೇಳಿಕೊಂಡು ಬಂದ ವಿಧವೆಗೆ ಅವನು ಕೊಟ್ಟ ಸಲಹೆ ಇನ್ನೂ ನೇರ: ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ. ತನ್ನ ಪಾಲು ಕೇಳಲಿಲ್ಲ. ಇನ್ಶೂರೆನ್ಸ್ ಹಣ ನಿಮ್ಮ ಮಗನ ಓದಿನ ಹಣ. ಮೊದಲ ಶತಮಾನದ ಸಭೆ ವಿಧವೆಯರಿಗೆ ದಿನದಿನದ ಊಟ ಹಂಚಲೆಂದೇ ಏಳು ಜನರನ್ನು ನೇಮಿಸಿತ್ತು, ಅಪೊಸ್ತಲರ ಕೃತ್ಯಗಳು 6ರಲ್ಲಿದೆ. ಒತ್ತಾಯ ಜಾಸ್ತಿಯಾದರೆ ಈ ವಚನ ತೋರಿಸಿ.

ಹಣ ಕೊಡದಿದ್ದರೆ ಆ ಕೂಟದಲ್ಲಿ ಮುಖ ತಿರುಗಿಸಬಹುದು. ಸಂಗಡ ಪ್ರಾರ್ಥಿಸುತ್ತಿದ್ದವರು ದೂರವಾಗಬಹುದು. ಇದು ಸಣ್ಣ ಪೆಟ್ಟಲ್ಲ, ನನಗೆ ಗೊತ್ತು. ಹಾಗೆಂದು ಸಿಟ್ಟಿನಲ್ಲಿ ಎಲ್ಲ ಸಭೆಗಳನ್ನೂ ಒಟ್ಟಿಗೆ ಬಿಡಬೇಡಿ. ಒಂಟಿತನದಲ್ಲಿ ದುಃಖ ಹುಳಿಯುತ್ತದೆ. ನೀವು ಅತ್ತರೆ ಸುಮ್ನೆ ಪಕ್ಕದಲ್ಲಿ ಕೂರಬಲ್ಲ ಇಬ್ಬರನ್ನು ಹುಡುಕಿಕೊಳ್ಳಿ. ಅವರು ನಿಮ್ಮ ಸಭೆಯವರೇ ಆಗಬೇಕೆಂದೇನಿಲ್ಲ.

ಮರುಮದುವೆ. ಪೌಲನು 1 ಕೊರಿಂಥ 7:39ರಲ್ಲಿ ಗಂಡ ತೀರಿಕೊಂಡವಳು ಸ್ವತಂತ್ರಳು, ಇಷ್ಟವಿದ್ದರೆ ಕರ್ತನಲ್ಲಿ ಮದುವೆಯಾಗಬಹುದು ಎಂದಿದ್ದಾನೆ. ಪಾಪವಿಲ್ಲ, ದ್ರೋಹವಿಲ್ಲ. ನಿಮ್ಮ ಅಕ್ಕನ ಮನಸ್ಸೂ ಒಳ್ಳೆಯದೇ. ಆದರೆ ಬರುವವರನ್ನು ಹೋದವರ ಜಾಗಕ್ಕೆ ಕೂರಿಸಲು ಹೊರಟರೆ ಅವರಿಗೂ ಅನ್ಯಾಯ, ನಿಮಗೂ ನೋವು. ದಿನವೂ ಹೋಲಿಕೆ ನಡೆಯುತ್ತದೆ. ಅವರನ್ನು ಅವರಾಗಿಯೇ ನೋಡಲು ಸಾಧ್ಯವಾದಾಗ ಯೋಚಿಸಿ. ಬೇಡ ಅನಿಸಿದರೆ ಬೇಡ ಎನ್ನಿ, ದೇವರು ಕೊಟ್ಟದ್ದನ್ನು ತಳ್ಳಿದೆ ಎಂದುಕೊಳ್ಳಬೇಡಿ. ಯಾವುದಕ್ಕೂ ಮಗನ ಕಿವಿಗೆ ಬೇರೆಯವರಿಂದ ಬೀಳುವ ಮೊದಲು ನೀವೇ ಹೇಳಿ.

ಮಗ. ಅಪ್ಪನಿಗಾಗಿ ಎಂಟು ತಿಂಗಳು ಪ್ರಾರ್ಥಿಸಿದವನು ಅವನೂ ಇರಬೇಕು. ಆಮೇಲೆ ಅಮ್ಮನ ನಂಬಿಕೆ ಸಾಲದು ಎನ್ನುವುದನ್ನೂ ಕೇಳಿಸಿಕೊಂಡಿದ್ದಾನೆ. ಅವನು ಬಿಟ್ಟದ್ದು ದೇವರನ್ನೋ, ಆ ಮಾತನ್ನೋ? ಒಮ್ಮೆ ಕೇಳಿ ನೋಡಿ. ಕೇಳಿದ ಮೇಲೆ ಉತ್ತರ ತಿದ್ದಲು ಹೋಗಬೇಡಿ. ನೀನು ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಲಾಜರನ ಸಹೋದರಿಯರಾದ ಮಾರ್ಥಳೂ ಮರಿಯಳೂ ಯೇಸುವಿನ ಎದುರೇ ಹೇಳಿದರು, ಅವನು ಇಬ್ಬರನ್ನೂ ಗದರಲಿಲ್ಲ. ಬಲವಂತವಾಗಿ ಸಭೆಗೆ ಕರೆದುಕೊಂಡು ಹೋದರೆ ಮೈ ಬರುತ್ತದೆ, ಅಷ್ಟೇ. ಹಾಗೆಂದು ಅವನ ಊಟ, ನಿದ್ದೆ, ಓದು ಪೂರ್ತಿ ಕೆಟ್ಟಿದ್ದರೆ, ಕೋಣೆಯಿಂದ ಹೊರಗೇ ಬಾರದಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ನಿಮಗೂ ಇದೇ ಮಾತು. ದುಃಖಕ್ಕೆ ಐದು ಮೆಟ್ಟಿಲು, ಹತ್ತಿ ಇಳಿದರೆ ಮುಗಿಯಿತು ಎನ್ನುವುದನ್ನು ಕೇಳಿರುತ್ತೀರಿ. 1969ರಲ್ಲಿ ಮನೋವೈದ್ಯೆ ಕ್ಯೂಬ್ಲರ್-ರಾಸ್ ಅದನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖ ಹಾಗೆ ಸಾಲಾಗಿ ನಡೆಯುವುದಿಲ್ಲ. ಒಂದು ದಿನ ಲೆಕ್ಕಪತ್ರ, ಅಡುಗೆ, ನಗು ಎಲ್ಲ ಸರಿ. ಮರುದಿನ ಒಂದು ಹಳೆಯ ಬಿಲ್ಲಿನ ಮೇಲೆ ಅವರ ಕೈಬರಹ ಕಂಡರೆ ಕಾಲು ಸೋಲುತ್ತದೆ. ಇದು ಕಾಯಿಲೆಯಲ್ಲ. ಆದರೆ ವರ್ಷ ಕಳೆದ ಮೇಲೂ ಹೆಚ್ಚುಕಡಿಮೆ ಪ್ರತಿದಿನ ಅದೇ ತೀವ್ರತೆ ಇದ್ದು, ದಿನದ ಕೆಲಸವೇ ನಡೆಯದಿದ್ದರೆ ಅದಕ್ಕೆ ವೈದ್ಯರ ಬಳಿ ಹೆಸರೂ ಇದೆ, ಚಿಕಿತ್ಸೆಯೂ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ 2022ರಲ್ಲಿ ಅದು ಸೇರಿತು. ಬದುಕೇ ಬೇಡ, ಅವರ ಹತ್ತಿರ ಹೋಗಿಬಿಡೋಣ ಎನ್ನುವ ಯೋಚನೆ ಬಂದರಂತೂ ಅವತ್ತೇ ಯಾರಿಗಾದರೂ ಹೇಳಿ, ವೈದ್ಯರ ಬಳಿ ಹೋಗಿ. ನಾನು ಸಾಯಬೇಕು ಎಂದು ಎಲೀಯನೂ ಒಂದು ಗಿಡದ ಕೆಳಗೆ ಮಲಗಿದ್ದನು. ದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದನು, ತಿಂದ ಮೇಲೆ ಮತ್ತೆ ಮಲಗಲು ಬಿಟ್ಟನು.

ಬೀರುವಿನ ಮೇಲಿನ ಚೀಟಿ ಇರಲಿ, ಕೀಳಬೇಕಾಗಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಅದರ ಮುಂದೆ ನಿಂತು ಬಂತಾ ಬಂತಾ ಎಂದು ನೋಡುವುದನ್ನು ಸ್ವಲ್ಪ ದಿನ ಬಿಡಿ. ಬದಲಿಗೆ ರೂತಳ ಪುಸ್ತಕ ಓದಿ. ನಾಲ್ಕೇ ಅಧ್ಯಾಯ, ಒಂದೇ ಕೂರಿಕೆಗೆ ಮುಗಿಯುತ್ತದೆ.

ಫೋನಿನ ವಿಷಯ. ಚಾರ್ಜಿಗೆ ಹಾಕುವುದನ್ನು ನಿಲ್ಲಿಸಬೇಕು ಎಂದು ನಾನು ಹೇಳುವುದಿಲ್ಲ. ಅದು ನಂಬಿಕೆ ಇಲ್ಲದ್ದರ ಗುರುತೂ ಅಲ್ಲ, ಹುಚ್ಚೂ ಅಲ್ಲ. ಒಂದು ದಿನ ಮರೆತು ಮಲಗುತ್ತೀರಿ, ಅವತ್ತು ಬೆಳಿಗ್ಗೆ ಏನೋ ದೊಡ್ಡ ತಪ್ಪು ಮಾಡಿದೆ ಎಂದು ಗಾಬರಿಯಾಗಬೇಡಿ. ಒಂದು ಕೆಲಸ ಮಾತ್ರ ಬೇಗ ಮಾಡಿ. ಹಳೆಯ ಬ್ಯಾಟರಿ ಯಾವಾಗ ಕೈ ಕೊಡುತ್ತದೋ ಹೇಳಲಾಗುವುದಿಲ್ಲ. ರೀಚಾರ್ಜ್ ನಿಂತರೆ ನಂಬರ್ ಕೂಡ ಬೇರೆಯವರಿಗೆ ಹೋಗಬಹುದು. ಅದರಲ್ಲಿ ಅವರ ದನಿ ಇರುವ ಮೆಸೇಜುಗಳಿದ್ದರೆ, ಫೋಟೋಗಳಿದ್ದರೆ, ಇನ್ನೊಂದು ಕಡೆ ಕಾಪಿ ಮಾಡಿಡಿ. ಮಗನಿಗೆ ಹೇಳಿ, ಈ ಕೆಲಸ ಅವನಿಗೆ ನಿಮಗಿಂತ ಚೆನ್ನಾಗಿ ಬರುತ್ತದೆ. ಅವನು ಮಾಡುವಾಗ ಪಕ್ಕದಲ್ಲೇ ಕೂತಿರಿ.